ಮೂರು ಸಲ ಠೇವಣಿ ಕಳಕೊಂಡವನ ಬೂತ್ ಲೆಕ್ಕ

ಸೋತದ್ದು ಹೌದು. ಶಿವಮೊಗ್ಗ ಜಿಲ್ಲೆಯ ಸಾಗರ ವಿಧಾನಸಭಾ ಕ್ಷೇತ್ರದಿಂದ ಮೂರು ಸಲ ಪಕ್ಷೇತರನಾಗಿ ನಿಂತೆ, ಮೂರು ಸಲವೂ ಠೇವಣಿ ಹೋಯಿತು. ಆದರೆ ಮೊದಲ ಸಲ ಒಂದು ಓಟಿಗೆ ನನಗೆ ಬಿದ್ದ ಖರ್ಚು ಹೆಚ್ಚುಕಮ್ಮಿ ಏಳುನೂರು ರೂಪಾಯಿ, ಮೂರನೇ ಸಲ ನಲವತ್ತು. "ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ ಸುಬೇದಾರ್ರೇ" ಅಂದವರಿಗಾಗಿ ಈ ಲೆಕ್ಕ. ನಾಮಪತ್ರ, ಅಫಿಡವಿಟ್ಟು, ಹತ್ತು ಸೂಚಕರ ಸಹಿ ಇವೆಲ್ಲ ನಿಂತು ನೋಡಿದವರಿಗೆ ಗೊತ್ತಿದ್ದದ್ದೇ, ಬಿಡಿ.

2008ರಲ್ಲಿ ನಾನು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಿಂದ ಪಿಂಚಣಿ ಪಡೆದು ಬಂದು ನಾಲ್ಕು ವರ್ಷ. ಕ್ಷೇತ್ರ ವಿಂಗಡಣೆಯಲ್ಲಿ ನಮ್ಮ ಹೊಸನಗರ ಕ್ಷೇತ್ರವೇ ಅಳಿಸಿಹೋಗಿ ತಾಲ್ಲೂಕು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿಹೋಗಿತ್ತು. ಎಲ್ಲರಿಗೂ ಹೊಸ ಕ್ಷೇತ್ರ, ನನಗೂ ಒಂದು ಕೈ ನೋಡುವ ಆಸೆ. ಬಾಡಿಗೆಗೆ ಎರಡು ಜೀಪು, ಮೈಕು, ಸಮವಸ್ತ್ರದಲ್ಲಿ ಪದಕ ಹಾಕಿಕೊಂಡ ಫೋಟೋದ ಬ್ಯಾನರು. ಗ್ರಾಚ್ಯುಟಿ ದುಡ್ಡಿನಲ್ಲಿ ಉಳಿದಿದ್ದು, ಜೊತೆಗೆ ಒಂದು ವರ್ಷದ ಅಡಿಕೆ, ಒಟ್ಟು ಆರು ಲಕ್ಷ ಚಿಲ್ಲರೆ. ಬಿದ್ದ ಓಟು ಒಂಬೈನೂರರ ಹತ್ತಿರ. ಜೀಪಿನ ಹಿಂದೆ ಓಡಿ ಬಂದವರೆಲ್ಲ ಶಾಲೆ ಮಕ್ಕಳು ಅನ್ನುವುದು ಹೊಳೆದದ್ದು ಎಣಿಕೆಯ ದಿನ.

ಪದಕ ನೋಡಿ ಓಟು ಬೀಳುವುದಿಲ್ಲ. 1971ರಲ್ಲಿ ಮುಂಬೈಯಲ್ಲಿ ಲೋಕಸಭೆಗೆ ನಿಂತ, ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕಾರ್ಯಪ್ಪನವರೇ ಸೋತರು. 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಸೇನೆ ಬಿಟ್ಟು ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಸೋತರು. ನಾನೆಷ್ಟರವನು!

2013ರದ್ದು ಬೇರೆಯೇ ತಪ್ಪು. ಜೀಪು ಬಿಟ್ಟು ಊರ ಹಿರಿಯರ ಕಾಲು ಹಿಡಿದೆ. ಒಬ್ಬರು "ಎಂಟುನೂರು ಓಟು ನನ್ನ ಜೇಬಲ್ಲಿದೆ" ಅಂದರು. ಹುಡುಗರ ಊಟ, ಪೆಟ್ರೋಲು ಅಂತ ಅರವತ್ತು ಸಾವಿರ ಹೋಯಿತು. ಅವರ ಬೂತಿನಲ್ಲಿ ನನಗೆ ಸಿಕ್ಕಿದ್ದು ಇಪ್ಪತ್ಮೂರು. ಒಟ್ಟು ಮೂರು ಲಕ್ಷ ಖರ್ಚು, ಸಾವಿರದ ನಾಲ್ಕುನೂರು ಓಟು. ಈ ಸಲ ಠೇವಣಿಯೂ ಐದು ಸಾವಿರದ ಬದಲು ಹತ್ತು ಸಾವಿರವಾಗಿತ್ತು.

ಆಮೇಲೆ ಎರಡೂ ಚುನಾವಣೆಯ ಫಾರ್ಮ್ 20, ಅಂದರೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಅನ್ನುವ ಪಟ್ಟಿ ತರಿಸಿ, ಬೂತಿನ ಮೇಲೆ ಬೂತು ಇಟ್ಟು ಕೆಂಪು ಪೆನ್ನಲ್ಲಿ ಗುರುತು ಹಾಕುತ್ತಾ ಕೂತೆ. ಎರಡು ಸಲವೂ ಅರ್ಧಕ್ಕರ್ಧ ಓಟು ಬಂದದ್ದು ಜೀಪು ಹೋಗದ ಹದಿನಾಲ್ಕು ಬೂತುಗಳಿಂದ, ನಾನು ಮದುವೆಗೆ, ಸಾವಿಗೆ ನಡೆದು ಹೋಗುವ ಊರುಗಳಿಂದ. ಶತ್ರು ಸಿಡಿಗುಂಡು (ಮೈನ್) ಹೂತ ಬಯಲನ್ನೆಲ್ಲ ಸ್ಯಾಪರ್ ಅಗೆಯುತ್ತ ಕೂರುವುದಿಲ್ಲ. ಒಂದು ದಾರಿ ತೆಗೆದು, ಎರಡೂ ಬದಿಗೆ ಟೇಪು ಕಟ್ಟಿ ಮುಂದೆ ಹೋಗುತ್ತಾನೆ. ಇನ್ನೂರೈವತ್ತರ ಆಸುಪಾಸಿನ ಬೂತುಗಳಲ್ಲಿ ಮೂವತ್ತೆರಡು ಆರಿಸಿಕೊಂಡೆ, ಉಳಿದವಕ್ಕೆ ಕೈಮುಗಿದೆ. ನಮ್ಮನೆಯವಳೂ ನಕ್ಕಳು.

2018ರ ಮೂರನೇ ಚುನಾವಣೆಗೆ ಪ್ರಚಾರ ಶುರು ಮಾಡಿದ್ದು 2017ರ ಡಿಸೆಂಬರ್‌ನಲ್ಲಿ, ಅಡಿಕೆ ಸುಲಿಯುವ ಮನೆಗಳಲ್ಲಿ. ರಾತ್ರಿ ಊಟ ಮುಗಿಸಿ ಹೋಗಿ, ಒಂದು ಮೆಟ್ಟುಗತ್ತಿ ಎಳೆದುಕೊಂಡು ಸಾಲಿನಲ್ಲಿ ಕೂತು ಸುಲಿಯುವುದು. ಕೈಗೆ ಕೆಲಸ ಇರುವಾಗ ಜನ ಮನಸ್ಸು ಬಿಚ್ಚುತ್ತಾರೆ, ದುಡ್ಡು ಕೇಳುವುದಿಲ್ಲ. ಓಟಿನ ಸುದ್ದಿಯನ್ನು ನಾನಾಗಿ ಎತ್ತಲಿಲ್ಲ. ಒಂದು ಮನೆಯ ಅಜ್ಜಿ ನನ್ನ ಡಬ್ಬಿ ತುಂಬಿದ್ದು ನೋಡಿ, "ತಮಾ, ಸುಲಿಯೋದು ಚೆನ್ನಾಗಿ ಬತ್ತು ನಿಂಗೆ. ಓಟು ಕೇಳೋದೇ ಬರದಿಲ್ಲೆ" ಅಂದರು. ಆ ಮನೆಯ ಐದೂ ಓಟು ನನ್ನವೇ. ಹೇಗೆ ಗೊತ್ತಾಯಿತು ಅಂತ ಕೇಳಬೇಡಿ.

ಇನ್ನೊಂದು, ಹತ್ತು ರೂಪಾಯಿ ರಸೀತಿ. 1952ರಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ನಮ್ಮ ಸಾಗರ–ಹೊಸನಗರದಲ್ಲಿ ಗೆದ್ದದ್ದು ಜನರ ಚಿಲ್ಲರೆ ಕಾಸಿನಲ್ಲೇ ಎಂದು ಅಪ್ಪ ಹೇಳುತ್ತಿದ್ದರು. ನಾನೂ ಮನೆಗೆ ಹತ್ತು ರೂಪಾಯಿ ಕೇಳಿದೆ. ದುಡ್ಡು ಕೊಟ್ಟವನು ಓಟು ಹಾಕದೆ ಇರಲಾರ. ರಸೀತಿಯನ್ನು ಮನೆಯಲ್ಲಿ ಯಾರ ಹೆಸರಿಗೆ ಬರೆಯಬೇಕು ಅನ್ನುವುದರಲ್ಲೇ ಗುಟ್ಟಿದೆ, ಅದೊಂದು ನನ್ನ ಹತ್ತಿರವೇ ಇರಲಿ. ಖರ್ಚಿನ ಪುಸ್ತಕ ತಪಾಸಣೆಗೆ ಹೋದಾಗ ಮಾತ್ರ ಫಜೀತಿ. ನಾನು ಐದು ರೂಪಾಯಿಗೆ ಕುಡಿದ ಟೀಗೆ ಚುನಾವಣಾ ಅಧಿಕಾರಿಗಳು ತಮ್ಮ ದರಪಟ್ಟಿಯ ಪ್ರಕಾರ ಹತ್ತು ರೂಪಾಯಿ ಬರೆಸಿದರು. ಮಿತಿ ಇಪ್ಪತ್ತೆಂಟು ಲಕ್ಷ, ನನ್ನದು ಒಂದು ಲಕ್ಷ ಮೂವತ್ತು ಸಾವಿರ. ಜಗಳಕ್ಕೆ ಹೋಗಲಿಲ್ಲ.

ನಡುವೆ ಚಿಹ್ನೆಯ ಪ್ರಯೋಗವೂ ಆಯಿತು. ಹೊಲಿಗೆ ಯಂತ್ರ ಸಿಕ್ಕಿತ್ತು. ಸಾಗರ, ಆನಂದಪುರ, ರಿಪ್ಪನ್‌ಪೇಟೆಯ ಟೈಲರ್ ಅಂಗಡಿಗಳನ್ನೆಲ್ಲ ಸುತ್ತಿದೆ. ಒಬ್ಬ ಸೂಜಿಗೆ ದಾರ ಪೋಣಿಸುತ್ತಲೇ "ಗೆದ್ರೆ ಕರೆಂಟ್ ಬಿಲ್ ಕಟ್ತೀರಾ ಸಾರ್?" ಅಂದ. ಮೂರು ದಿನ ದಂಡ. ರಜೆಯಿಲ್ಲದ ಸೈನಿಕರ ಅಂಚೆ ಮತಕ್ಕೆ ಎಪ್ಪತ್ತು ಮನೆಗೆ ಪತ್ರ ಬರೆದದ್ದೂ ಅಷ್ಟರಲ್ಲೇ ಇದೆ.

ಮೂವತ್ತೆರಡು ಬೂತಿಗೂ ಏಜೆಂಟರು ಕೂತರು, ಅರ್ಧ ಮಂದಿ ಮಾಜಿ ಸೈನಿಕರು. ಸಂಜೆ ಮೂವತ್ತೊಂದು ಕಡೆಯಿಂದ 17ಸಿ, ಅಂದರೆ ಬೂತಿನಲ್ಲಿ ಒಟ್ಟು ಎಷ್ಟು ಓಟು ಬಿತ್ತು ಅನ್ನುವ ಲೆಕ್ಕದ ಹಾಳೆಯ ಪ್ರತಿ ಕೈಗೆ ಬಂತು. ಒಬ್ಬ ಮಳೆಗೆ ನೆನೆಸಿಕೊಂಡು ಬಂದ. ಎಣಿಕೆಯಲ್ಲಿ ಮೂರು ಸಾವಿರದ ಇನ್ನೂರು ಚಿಲ್ಲರೆ. ಠೇವಣಿ ಉಳಿಯಲು ಒಟ್ಟು ಸಿಂಧು ಓಟಿನ ಆರನೇ ಒಂದು ಪಾಲಿಗಿಂತ ಹೆಚ್ಚು ಬೇಕು, ಅಂದರೆ ಇಪ್ಪತ್ತೈದು ಸಾವಿರದ ಮೇಲೆ. ಆದರೂ ಒಂಬತ್ತು ಬೂತಿನಲ್ಲಿ ಎರಡನೆಯವನು, ಒಂದರಲ್ಲಿ ಮೊದಲನೆಯವನು. ಆ ಬೂತಿನ ಎಣಿಕೆಯ ಹಾಳೆಗೆ ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ್ದೇನೆ.

2023ಕ್ಕೆ ಮಂಡಿ ಆಪರೇಷನ್ ಆಗಿ ನಿಲ್ಲಲಿಲ್ಲ. 2028ಕ್ಕೆ ನಲವತ್ತೈದು ಬೂತು ಗುರುತು ಹಾಕಿಟ್ಟಿದ್ದೇನೆ. ತೊಂದರೆ ಇರುವುದು ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವ ಕ್ಯೂ ನನಗೆ ಪುಕ್ಕಟೆ ಸಭಾಭವನವಾಗಿತ್ತು, ತಾಸುಗಟ್ಟಲೆ ಯಾರೂ ಎದ್ದು ಹೋಗುವಂತಿರಲಿಲ್ಲ. 2025ರ ಜುಲೈನಲ್ಲಿ ಸೇತುವೆ ಆಯಿತು. ಆ ದ್ವೀಪದವರು ಅರವತ್ತು ವರ್ಷ ಕಾದ ಸೇತುವೆ ಅದು, ನಾನೂ ಹೋಗಿ ಒಂದು ಕಾಯಿ ಒಡೆದು ಬಂದೆ. ಈಗ ಕಾರುಗಳು ಭರ್ರನೆ ಹೋಗುತ್ತವೆ, ಕೈ ಅಡ್ಡ ಹಾಕಿದರೂ ಯಾರೂ ನಿಲ್ಲಿಸುವುದಿಲ್ಲ.