ಸ್ಟೋಕ್-ಆನ್-ಟ್ರೆಂಟ್: ಕಾಲುವೆ ಹಿಡಿದು ಕುಂಬಾರಿಕೆಯ ಊರುಗಳನ್ನು ನಡೆದು ನೋಡುವ ಬಗೆ

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್‌ನಲ್ಲಿರುವ ಸ್ಟೋಕ್-ಆನ್-ಟ್ರೆಂಟ್ ಒಂದೇ ಊರಲ್ಲ. ಉತ್ತರದಿಂದ ದಕ್ಷಿಣಕ್ಕೆ ಟನ್‌ಸ್ಟಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳು 1910ರಲ್ಲಿ ಒಂದಾದವು. ರೈಲು ನಿಲ್ದಾಣ ಇರುವುದು ಸ್ಟೋಕ್‌ನಲ್ಲಿ, ನಗರದ ಪೇಟೆ ಮತ್ತು ಬಸ್ ನಿಲ್ದಾಣ ಇರುವುದು ಹ್ಯಾನ್ಲಿಯಲ್ಲಿ. ಸ್ಟೋಕ್‌ನಲ್ಲಿ ಇಳಿದರೆ ಪೇಟೆಯ ನಡುವೆಯೇ ಇರುತ್ತೇವೆ ಎಂದು ಲೆಕ್ಕ ಹಾಕಿದವರ ಅರ್ಧ ಬೆಳಗು ಅಲ್ಲೇ ಹೋಗುತ್ತದೆ.

ಆರು ಊರನ್ನೂ ರಸ್ತೆಯಲ್ಲಿ ನಡೆದು ಮುಗಿಸಬಹುದು, ಆದರೆ ಬೇಡ. ವಾಹನಗಳ ಗದ್ದಲದಲ್ಲಿ ಕಾರ್ಖಾನೆಗಳ ಮುಂಬಾಗಿಲು ಮಾತ್ರ ಕಾಣುತ್ತದೆ, ಅವುಗಳ ಕೆಲಸ ನಡೆಯುತ್ತಿದ್ದುದು ಹಿಂಬದಿಯಲ್ಲಿ, ಟ್ರೆಂಟ್ ಅಂಡ್ ಮರ್ಸಿ ಕಾಲುವೆಯ ಕಡೆಗೆ. ಈ ನೆಲದಲ್ಲಿ ಕಲ್ಲಿದ್ದಲು ಮತ್ತು ಕೆಂಪಾಗಿ ಸುಡುವ ಜೇಡಿಮಣ್ಣು ಧಾರಾಳ. ಬಿಳಿ ಪಾತ್ರೆಗೆ ಬೇಕಾದ ಮಣ್ಣು ಮಾತ್ರ ಕಾರ್ನ್‌ವಾಲ್, ಡೆವನ್, ಡಾರ್ಸೆಟ್‌ಗಳಿಂದ ಹಡಗಿನಲ್ಲಿ ಬರಬೇಕಿತ್ತು. ಹೇಸರಗತ್ತೆ, ಕುದುರೆಗಳ ಮೇಲೆ ಹೇರಿ ಕಳಿಸಿದ ಪಾತ್ರೆ ದಾರಿಯಲ್ಲೇ ಒಡೆಯುತ್ತಿತ್ತು. ಅದಕ್ಕೇ ಇಲ್ಲಿನ ಹೆಸರಾಂತ ಕುಂಬಾರಿಕೆ ಉದ್ಯಮಿ ಜೊಸಾಯ ವೆಜ್‌ವುಡ್ ಕಾಲುವೆಗಾಗಿ ಹಟ ಹಿಡಿದ. 1766ರಲ್ಲಿ ಅಗೆತ ಶುರುವಾಗಿ 1777ರಲ್ಲಿ ಮುಗಿಯಿತು. ಅಂದು ದೋಣಿ ಎಳೆಯುವ ಕುದುರೆ ನಡೆದ ದಂಡೆಯ ದಾರಿಯೇ ಇಂದು ನಮ್ಮ ಕಾಲುದಾರಿ.

ಹೊರಡುವುದು ಕಿಡ್ಸ್‌ಗ್ರೋವ್ ರೈಲು ನಿಲ್ದಾಣದಿಂದ, ಮುಗಿಸುವುದು ಸ್ಟೋಕ್ ನಿಲ್ದಾಣದಲ್ಲಿ. ಒಟ್ಟು ಸುಮಾರು 10–11 ಕಿ.ಮೀ., ಬರೀ ನಡಿಗೆಗೆ ಮೂರು ಗಂಟೆ, ನಿಂತು ನೋಡುತ್ತಾ ಹೋದರೆ ಇಡೀ ದಿನ. ಉತ್ತರದಿಂದ ದಕ್ಷಿಣಕ್ಕೇ ನಡೆಯಿರಿ. ಇರುವ ಒಂದೇ ಏರು ಶುರುವಿನಲ್ಲೇ ಮುಗಿಯುತ್ತದೆ, ಆಮೇಲೆ ಸಮತಟ್ಟು, ಕೊನೆಗೆ ಇಳಿಜಾರು.

ನಿಲ್ದಾಣದ ಪಕ್ಕದಲ್ಲೇ ಕಾಲುವೆ ಸಿಗುತ್ತದೆ. ನೀರು ಕಿತ್ತಳೆ ಬಣ್ಣಕ್ಕಿದ್ದರೆ ಗಾಬರಿ ಬೇಡ, ಗುಡ್ಡದೊಳಗಿನ ಕಬ್ಬಿಣದ ಅಂಶ ಅದು. ಸ್ವಲ್ಪ ಮುಂದೆ ಹೇರ್‌ಕ್ಯಾಸಲ್ ಸುರಂಗ, ಉದ್ದ 2.6 ಕಿ.ಮೀ. ಮೀರುತ್ತದೆ. ಒಳಗೆ ನಡೆಯಲು ದಾರಿಯಿಲ್ಲ. ಹಿಂದೆ ದೋಣಿಯಾಳುಗಳು ಮಲಗಿ ಗೋಡೆಗೆ ಕಾಲೊತ್ತಿ ದೋಣಿ ದಾಟಿಸುತ್ತಿದ್ದಾಗ ಕುದುರೆಗಳನ್ನು ಗುಡ್ಡದ ಮೇಲಿನಿಂದ ನಡೆಸಿಕೊಂಡು ಹೋಗುತ್ತಿದ್ದರು. ಆ ದಾರಿಯ ಹೆಸರು ಇವತ್ತಿಗೂ ಬೋಟ್‌ಹಾರ್ಸ್ ರೋಡ್. ನೀವೂ ಅದನ್ನೇ ಹಿಡಿಯಬೇಕು. ದಾರಿ ತಪ್ಪುವುದು ಇಲ್ಲೇ, ಹಾಗಾಗಿ ಈ ಭಾಗದ ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಏರು ಬೇಡವಾದರೆ ವೆಸ್ಟ್‌ಪೋರ್ಟ್ ಕೆರೆಯಿಂದ ಹೊರಡಿ, ನಾಲ್ಕು ಕಿ.ಮೀ. ನಡಿಗೆ ತಪ್ಪುತ್ತದೆ. ಗಣಿಗಾರಿಕೆಯಿಂದ ನೆಲ ಕುಸಿದು ನೀರು ತುಂಬಿ ಆದ ಕೆರೆ ಅದು.

ಕಾಲುವೆಗೆ ಮರಳಿದ ಮೇಲೆ ದಾರಿ ತಪ್ಪುವುದು ಕಷ್ಟ. ಸೇತುವೆಗಳಿಗೂ ಲಾಕ್‌ಗಳಿಗೂ (ನೀರಿನ ಮಟ್ಟ ಬದಲಿಸಿ ದೋಣಿಯನ್ನು ಏರಿಸಿ ಇಳಿಸುವ ಬಾಗಿಲುಕಟ್ಟೆಗಳು) ಕೊಟ್ಟಿರುವ ಕ್ರಮಸಂಖ್ಯೆ ದಕ್ಷಿಣಕ್ಕೆ ಹೋದಂತೆ ಇಳಿಯುತ್ತದೆ. ದಂಡೆಯ ಎರಕದ ಕಬ್ಬಿಣದ ಮೈಲಿಕಂಬಗಳಲ್ಲಿ ಕಾಲುವೆಯ ಎರಡು ತುದಿಗಳಿಗೆ ಇರುವ ದೂರ ಬರೆದಿರುತ್ತದೆ, ಒಂದು ಕಡೆ ಶಾರ್ಡ್ಲೋ, ಇನ್ನೊಂದು ಕಡೆ ಪ್ರೆಸ್ಟನ್ ಬ್ರೂಕ್, ಎರಡೂ ಕೂಡಿಸಿದರೆ 92 ಮೈಲಿ. ಶಾರ್ಡ್ಲೋ ಅಂಕಿ ಕಡಿಮೆಯಾಗುತ್ತಿದ್ದರೆ ನೀವು ಸರಿಯಾದ ದಿಕ್ಕಿನಲ್ಲಿದ್ದೀರಿ.

ಲಾಂಗ್‌ಪೋರ್ಟ್ ದಾಟಿದ ಮೇಲೆ ಮಿಡಲ್‌ಪೋರ್ಟ್ ಪಾಟರಿ ಬರುತ್ತದೆ. ಒಂದೇ ಕಡೆ ನಿಲ್ಲುವಷ್ಟು ಹೊತ್ತಿದ್ದರೆ ಇಲ್ಲೇ ನಿಲ್ಲಿ. 1880ರ ದಶಕದ ಕೊನೆಯಲ್ಲಿ ಬರ್ಜೆಸ್ ಅಂಡ್ ಲೀ ಕಂಪನಿ ಕಟ್ಟಿಸಿದ ಕಾರ್ಖಾನೆಯಲ್ಲಿ ಬರ್ಲೀ ಪಾತ್ರೆಗಳು ಈಗಲೂ ತಯಾರಾಗುತ್ತಿವೆ, ತೆಳು ಕಾಗದದಿಂದ ಚಿತ್ತಾರ ಒತ್ತುವ ಹಳೆಯ ಕ್ರಮದಲ್ಲೇ. ಇದ್ದ ಏಳು ಬಾಟಲಿ ಆವಿಗೆಗಳಲ್ಲಿ ಒಂದು ಉಳಿದಿದೆ. ಕಾಲುದಾರಿಯಿಂದ ನೋಡಿದರೆ ಕಾರ್ಖಾನೆ ಎದುರು ದಂಡೆಯಲ್ಲಿದೆ. ಫೋಟೋಗೆ ಅದೇ ಒಳ್ಳೆಯ ಜಾಗ, ಒಳಗೆ ಹೋಗಲು ಮಾತ್ರ ಸೇತುವೆ ದಾಟಿ ಬೀದಿ ಕಡೆಯಿಂದ ಬರಬೇಕು.

ಆವಿಗೆಯನ್ನು ನೋಡುವ ಕ್ರಮವೊಂದಿದೆ. ಹೊರಗೆ ಕಾಣುವ ಬಾಟಲಿ ಆಕಾರ ಬರೀ ಚಿಪ್ಪು. ಗಾಳಿಯ ಸೆಳೆತ ಹೆಚ್ಚಿಸಿ ಹೊಗೆಯನ್ನು ಮೇಲೆತ್ತುವುದು ಅದರ ಕೆಲಸ. ಪಾತ್ರೆ ಸುಡುತ್ತಿದ್ದುದು ಒಳಗಿನ ಗುಂಡನೆಯ ಗೂಡಿನಲ್ಲಿ. ಅದರ ಸುತ್ತ ಬಿಗಿದ ಕಬ್ಬಿಣದ ಪಟ್ಟಿ ಹುಡುಕಿ, ಕಾದಾಗ ಇಟ್ಟಿಗೆ ಹಿಗ್ಗಿ ಗೂಡು ಬಿರಿಯದಂತೆ ಹಿಡಿದಿಡಲು ಹಾಕಿದ್ದು. ಬುಡದಲ್ಲಿ ಸುತ್ತಲೂ ಬೆಂಕಿಬಾಯಿಗಳು. ಪಾತ್ರೆಗಳನ್ನು ಹೊಗೆ ತಾಕದಂತೆ ಸ್ಯಾಗರ್ ಎಂಬ ಮಣ್ಣಿನ ಪೆಟ್ಟಿಗೆಗಳಲ್ಲಿ ತುಂಬಿ ಸೂರಿನವರೆಗೆ ಪೇರಿಸುತ್ತಿದ್ದರು. ಒಂದು ಸುಡುವಿಕೆಗೆ ಎರಡು ಮೂರು ದಿನ ಮತ್ತು ಹತ್ತಾರು ಟನ್ ಕಲ್ಲಿದ್ದಲು ಬೇಕಿತ್ತು. 1956ರ ಶುದ್ಧ ಗಾಳಿ ಕಾಯ್ದೆ ಬಂದ ಮೇಲೆ ಗ್ಯಾಸ್, ವಿದ್ಯುತ್ ಒಲೆಗಳು ಇವನ್ನು ಮೂಲೆಗೆ ತಳ್ಳಿದವು. ಒಂದು ಕಾಲಕ್ಕೆ 2000ಕ್ಕೂ ಹೆಚ್ಚಿದ್ದವು, ಉಳಿದಿರುವುದು 50ಕ್ಕೂ ಕಡಿಮೆ.

ಮುಂದಿನ ಎರಡೂವರೆ ಕಿ.ಮೀ. ಚೂರು ಬೇಸರ. ಉಕ್ಕಿನ ಕಾರ್ಖಾನೆ ಇದ್ದ ಕಡೆ ಈಗ ಅಂಗಡಿ ಮಳಿಗೆಗಳಿವೆ. ವೆಜ್‌ವುಡ್ 1769ರಲ್ಲಿ ತೆರೆದ ಎಟ್ರೂರಿಯಾ ಕಾರ್ಖಾನೆಯ ಗುರುತಾಗಿ ಒಂದು ದುಂಡು ಕಟ್ಟಡವಷ್ಟೇ ಉಳಿದಿದೆ. ಕಾಲ್ಡನ್ ಕಾಲುವೆ ಕವಲೊಡೆಯುವ ಎಟ್ರೂರಿಯಾ ಜಂಕ್ಷನ್‌ನಲ್ಲಿ 1857ರ ಜೆಸ್ಸಿ ಶರ್ಲಿ ಗಿರಣಿ ಇದೆ. ಮೂಳೆ ಮತ್ತು ಚಕಮಕಿ ಕಲ್ಲನ್ನು ಅರೆಯುತ್ತಿದ್ದ ಜಾಗ. ಬೋನ್ ಚೈನಾ ಎಂಬ ಬಿಳಿ ಪಿಂಗಾಣಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸುಟ್ಟ ಮೂಳೆಯ ಬೂದಿಯೇ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಈ ಗಿರಣಿಯ ಮಹತ್ವ ತಿಳಿಯುತ್ತದೆ. ಇಲ್ಲಿನ ವಸ್ತುಸಂಗ್ರಹಾಲಯ ಕೆಲವೇ ದಿನ ತೆರೆದಿರುತ್ತದೆ, ದಿನ ನೋಡಿಕೊಂಡೇ ಹೊರಡಿ.

ಇಲ್ಲಿಂದ 40ರಿಂದ 36ರವರೆಗೆ ಐದು ಲಾಕ್ ಇಳಿದು, ಗ್ಲೀಬ್ ಸ್ಟ್ರೀಟ್ ಬಳಿ ದಂಡೆ ಬಿಟ್ಟರೆ ಸ್ಟೋಕ್ ನಿಲ್ದಾಣ ಹತ್ತಿರ. ಅದೇ ಬೀದಿಯ ಸ್ಟೋಕ್ ಮಿನ್‌ಸ್ಟರ್ ಚರ್ಚಿನಲ್ಲಿ ವೆಜ್‌ವುಡ್ ಸಮಾಧಿಯಿದೆ, ನಿಲ್ದಾಣದೆದುರು ಅವನ ಪ್ರತಿಮೆ. ಆವಿಗೆಯ ಒಳಗೇ ನಿಂತು ನೋಡಬೇಕೆಂದಿದ್ದರೆ ಲಾಂಗ್ಟನ್‌ನ ಗ್ಲಾಡ್‌ಸ್ಟೋನ್ ಪಾಟರಿ ಮ್ಯೂಸಿಯಂಗೆ ಇನ್ನೊಂದು ದಿನ ಇಡಿ. ಸ್ಟೋಕ್‌ನಿಂದ ರೈಲಿನಲ್ಲಿ ಒಂದೇ ನಿಲ್ದಾಣ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಬಾಗಿಲು ಹಾಕುವ ಹೊತ್ತಿಗೆ ತಲುಪುತ್ತೀರಿ. ಡಿಸೆಂಬರ್‌ನಲ್ಲಂತೂ ನಾಲ್ಕಕ್ಕೆಲ್ಲ ಕತ್ತಲು, ದಂಡೆಯ ಬಹುಭಾಗಕ್ಕೆ ದೀಪವಿಲ್ಲ.

ದಾರಿಯ ಮಣ್ಣಿನಲ್ಲಿ ಬೋಕಿ ಚೂರುಗಳು ಕಾಣುತ್ತವೆ. ಒದ್ದೆ ಬೆರಳಿಟ್ಟಾಗ ತೇವ ಹೀರಿಕೊಂಡು ಅಂಟಿದಂತಾದರೆ ಅದು ಮೆರುಗು ಹಚ್ಚುವ ಮುನ್ನವೇ ಒಡೆದು ಎಸೆದದ್ದು. ಅಗೆಯಲು ಹೋಗಬೇಡಿ, ಹಳೆಯ ಮೆರುಗಿನಲ್ಲಿ ಸೀಸವಿರುತ್ತದೆ, ಮುಟ್ಟಿದರೆ ಕೈ ತೊಳೆಯಿರಿ. ಹಳೆಯ ತಟ್ಟೆ ಕೊಳ್ಳುವುದಿದ್ದರೆ ಅಲ್ಲಿನವರಂತೆ ಮಗುಚಿ ನೋಡಿ. ವಜ್ರಾಕಾರದ ನೋಂದಣಿ ಗುರುತಿದ್ದರೆ ವಿನ್ಯಾಸ 1842ರಿಂದ 1883ರೊಳಗೆ ನೋಂದಾಯಿಸಿದ್ದು, ‘ಆರ್‌ಡಿ ನಂ.’ ಎಂದು ಅಂಕಿಯಿದ್ದರೆ 1884ರ ಈಚಿನದು. ‘ಇಂಗ್ಲೆಂಡ್’ ಎಂಬ ಪದ ಸಾಮಾನ್ಯವಾಗಿ 1891ರ ನಂತರದ್ದು, ಆಮದು ಮಾಲಿನ ಮೇಲೆ ದೇಶದ ಹೆಸರಿರಬೇಕೆಂಬ ಅಮೆರಿಕದ ಕಟ್ಟಳೆ ಆ ವರ್ಷ ಜಾರಿಗೆ ಬಂದಿತ್ತು. ಕಾರ್ಖಾನೆಯ ಅಂಗಡಿಗಳಲ್ಲಿ ಸೆಕೆಂಡ್ಸ್ ಮಾಲು, ಅಂದರೆ ಸಣ್ಣಪುಟ್ಟ ಕುಂದಿನ ಪಾತ್ರೆ, ಅಗ್ಗಕ್ಕೆ ಸಿಗುತ್ತದೆ. ಕೊಳ್ಳುವ ಮುಂಚೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಖಣಖಣ ಎನ್ನದೆ ಬೊದ್ದು ಸದ್ದು ಬಂದರೆ ಎಲ್ಲೋ ಸೀಳಿದೆ, ಬಿಟ್ಟುಬಿಡಿ.