ಡಾರ್ಟ್ಸ್ ನೋಡುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ

ವರ್ಷವಿಡೀ ಲೆಕ್ಕ ಬರೆಯುವುದೇ ನನ್ನ ಕೆಲಸ. ಹಾಗಿದ್ದೂ ಡಿಸೆಂಬರ್ ಬಂತೆಂದರೆ ರಾತ್ರಿ ಟಿವಿ ಮುಂದೆ ಕೂತು ಮತ್ತೆ ಲೆಕ್ಕವನ್ನೇ ಬರೆಯುತ್ತೇನೆ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ಪಿಡಿಸಿ (ವೃತ್ತಿಪರ ಡಾರ್ಟ್ಸ್ ನಡೆಸುವ ಸಂಸ್ಥೆ) ವಿಶ್ವ ಡಾರ್ಟ್ಸ್ ಚಾಂಪಿಯನ್‌ಷಿಪ್ ಶುರುವಾಗುವುದು ಆಗಲೇ. ಮುಗಿಯುವುದು ಹೊಸ ವರ್ಷದ ಮೊದಲ ವಾರದಲ್ಲಿ. ಹಳೇ ಡೈರಿಯ ಖಾಲಿ ಪುಟಗಳನ್ನು ನಾನು ಎಸೆಯದೆ ಇಟ್ಟುಕೊಳ್ಳುವುದು ಇದಕ್ಕೇ.

"ಬೋರ್ಡಿಗೆ ಚುಚ್ಚೋದನ್ನ ಏನು ನೋಡ್ತೀಯಾ?" ಅಂತ ನನ್ನ ತಮ್ಮ ಕೇಳುತ್ತಿದ್ದ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಸೆಯುವ ಕೈಯನ್ನು ಆಮೇಲೆ ನೋಡಿ. ಮೊದಲು ಪರದೆಯ ಮೂಲೆಯಲ್ಲಿ ಉಳಿದಿರುವ ಅಂಕ ನೋಡಿ. ಈ ಆಟದಲ್ಲಿರುವುದು ಕಳೆಯುವ ಲೆಕ್ಕ.

ಇಬ್ಬರೂ 501ರಿಂದ ಶುರು ಮಾಡುತ್ತಾರೆ. ಒಂದು ಸರದಿಗೆ ಮೂರು ಡಾರ್ಟ್. ಬಿದ್ದ ಅಂಕವನ್ನು ಕಳೆಯುತ್ತಾ ಹೋಗಬೇಕು. ಸರಿಯಾಗಿ ಸೊನ್ನೆಗೆ ಬಂದವನಿಗೆ ಆ ಲೆಗ್, ಅಂದರೆ ಆ ಒಂದು ಆಟ. ಆದರೆ ಕೊನೆಯ ಡಾರ್ಟ್ ಡಬಲ್‌ಗೇ ಬೀಳಬೇಕು. ಡಬಲ್ ಅಂದರೆ ಬೋರ್ಡಿನ ಅಂಚಿನಲ್ಲಿರುವ ತೆಳ್ಳನೆಯ ಪಟ್ಟಿ, ಅಲ್ಲಿ ಬಿದ್ದರೆ ಅಂಕ ಎರಡರಷ್ಟು. ನಟ್ಟನಡುವಿನ ಬುಲ್ ಕೂಡ ಡಬಲ್ಲೇ, ಅದಕ್ಕೆ 50. ಬೇಕಾದ್ದಕ್ಕಿಂತ ಜಾಸ್ತಿ ಬಿತ್ತೋ, ಅಥವಾ 1 ಉಳಿಯಿತೋ, ಆ ಸರದಿ ಪೂರ್ತಿ ದಂಡ. ಮೊದಲಿದ್ದ ಅಂಕಕ್ಕೇ ವಾಪಸ್. ಇದಕ್ಕೆ ಬಸ್ಟ್ ಅನ್ನುತ್ತಾರೆ. ಎಸೆಯುವ ಗೆರೆಯಿಂದ ಬೋರ್ಡಿಗೆ 2.37 ಮೀಟರ್, ಬುಲ್ ಇರುವ ಎತ್ತರ 1.73 ಮೀಟರ್. ಇಷ್ಟು ಗೊತ್ತಿದ್ದರೆ ಸಾಕು, ಟಿವಿಯಲ್ಲಿ ಪಂದ್ಯ ಹಾಕಿ.

ಮೊದಲ ಸಲ ನೋಡುವವರು 180ಕ್ಕೆ ಕುಣಿಯುತ್ತಾರೆ. ತಪ್ಪೇನಲ್ಲ, ಅಲ್ಲಿ ವೇಷ ಹಾಕಿಕೊಂಡು ಬಂದ ಸಾವಿರಾರು ಜನರೂ ಅದಕ್ಕೇ ಕುಣಿಯುವುದು. ಟ್ರೆಬಲ್ ಅಂದರೆ ಅಂಕ ಮೂರರಷ್ಟಾಗುವ ಒಳಗಿನ ಪಟ್ಟಿ. ಮೂರು ಡಾರ್ಟೂ ಟ್ರೆಬಲ್ 20ಕ್ಕೆ ಬಿದ್ದರೆ 180. ಆದರೆ 20ರ ಅಕ್ಕಪಕ್ಕ ಇರುವುದು 5 ಮತ್ತು 1. ಚೂರು ಆಚೀಚೆಯಾದರೆ 60 ಸಿಗಬೇಕಾದ ಕಡೆ 1 ಸಿಗುತ್ತದೆ. ಎರಡು ಡಾರ್ಟ್ ಆ ಟ್ರೆಬಲ್‌ಗೆ ಅಡ್ಡ ನಿಂತಾಗ ಆಟಗಾರ ಸುಮ್ನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕೆಳಗಿನ 19ಕ್ಕೆ ಹೊಡೆಯುವುದನ್ನು ನೋಡುತ್ತೀರಿ. ಅದೂ ಲೆಕ್ಕದ ಭಾಗವೇ.

ಅಂಕ 170ಕ್ಕೆ ಇಳಿದ ಮೇಲೆ ಪೆನ್ಸಿಲ್ ಎತ್ತಿಕೊಳ್ಳಿ. ಮೂರು ಡಾರ್ಟಿನಲ್ಲಿ ಮುಗಿಸಬಹುದಾದ ಅತಿ ದೊಡ್ಡ ಅಂಕ ಅದು: 60, 60, ಬುಲ್ 50. ತಮಾಷೆ ಏನೆಂದರೆ, 170 ಮುಗಿಯುತ್ತದೆ, 169 ಮುಗಿಯುವುದಿಲ್ಲ. ಕೊನೆಗೆ ಬುಲ್ ಹೊಡೆದರೂ ಉಳಿದ 119 ಎರಡು ಡಾರ್ಟಿಗೆ ಸಿಗಲ್ಲ. ಕೂಡಿ ನೋಡಿ. 168, 166, 165, 163, 162, 159 ಇವೂ ಇದೇ ಜಾತಿ.

ಈಗ ನನ್ನ ಡೈರಿಯ ಮೊದಲ ಪುಟದ ಕಥೆ. ಆಗ ನಾನು ಪೆನ್ನಿನಲ್ಲಿ ಬರೆಯುತ್ತಿದ್ದೆ. ಒಬ್ಬ ಆಟಗಾರನಿಗೆ 20 ಉಳಿದಿತ್ತು, ಕೈಯಲ್ಲಿ ಮೂರು ಡಾರ್ಟ್. ಎದುರಾಳಿ ಎಲ್ಲೋ ಹಿಂದೆ. "ಆಯ್ತು ಬಿಡು" ಅಂದುಕೊಂಡು ನಾನು ಅವನ ಹೆಸರಿನ ಮುಂದೆ ಗೆಲುವಿನ ಗುರುತು ಹಾಕಿಯೇಬಿಟ್ಟೆ. ಅವನು ಡಬಲ್ 10ಕ್ಕೆ ಹೊಡೆದ. ಡಾರ್ಟ್ ಡಬಲ್ ಪಟ್ಟಿಯ ತಂತಿಯ ಒಳಗಡೆ, ಬರೀ 10ಕ್ಕೆ ಬಿತ್ತು. ಉಳಿದದ್ದು 10. ಡಬಲ್ 5ಕ್ಕೆ ಹೊಡೆದ, ಮತ್ತೆ ಒಳಗಡೆ. ಉಳಿದದ್ದು 5. ಐದಕ್ಕೆ ಡಬಲ್ ಎಲ್ಲಿದೆ? ಮೂರನೇ ಡಾರ್ಟನ್ನು 1ಕ್ಕೆ ಹೊಡೆದು 4 ಮಾಡಿಕೊಂಡು ಹಿಂದೆ ಸರಿದ. ಅವನಿಗೆ ಮತ್ತೆ ಸರದಿ ಬರಲೇ ಇಲ್ಲ. ನನ್ನ ಗುರುತನ್ನು ಗೀಚಿ ಗೀಚಿ ಕಾಗದ ಹರಿಯಿತು. ಪೆನ್ಸಿಲ್ ಬಂದದ್ದು ಆಮೇಲೆ.

ಎಲ್ಲರೂ 32 ಉಳಿಸಿಕೊಳ್ಳಲು ಯಾಕೆ ಒದ್ದಾಡುತ್ತಾರೆ ಅನ್ನುವುದು ಅವತ್ತು ತಿಳಿಯಿತು. 32ಕ್ಕೆ ಡಬಲ್ 16. ಒಳಗಡೆ ಬಿದ್ದರೆ 16 ಉಳಿಯಿತು, ಡಬಲ್ 8ಕ್ಕೆ ಹೋಗಬಹುದು. ಅಲ್ಲೂ ಒಳಗಡೆ ಬಿದ್ದರೆ 8, ಆಮೇಲೆ 4, ಆಮೇಲೆ 2. ಎಷ್ಟು ಸಲ ಅರ್ಧವಾದರೂ ಸಮಸಂಖ್ಯೆಯೇ. ಡಬಲ್ 16 ಇರುವುದು ಬೋರ್ಡಿನ ಎಡಗಡೆ, ಕೆಳಗೆ. ಅದರ ಪಕ್ಕದಲ್ಲೇ 8. 33 ಉಳಿದವನು ಪುಟ್ಟ 1ನ್ನು ಹುಡುಕಿಕೊಂಡು ಹೋಗುವುದನ್ನು ನೋಡಿ ಇನ್ನು ನಗಬೇಡಿ.

ಹಾಗಂತ ಇಳಿಯುತ್ತಾ ಹೋದರೆ ಸುಲಭವೇನೂ ಆಗಲ್ಲ. 2024ರ ಫೈನಲ್‌ನಲ್ಲಿ 16 ವರ್ಷದ ಲ್ಯೂಕ್ ಲಿಟ್ಲರ್ 4-2 ಸೆಟ್‌ಗಳಿಂದ ಮುಂದಿದ್ದ. 5-2 ಮಾಡಲು ಡಬಲ್ 2ಕ್ಕೆ ಒಂದು ಡಾರ್ಟ್ ಸಿಕ್ಕಿತು. ತಪ್ಪಿತು. ಅಲ್ಲಿಂದ ಲ್ಯೂಕ್ ಹಂಫ್ರೀಸ್ ಸತತವಾಗಿ ಐದು ಸೆಟ್ ಗೆದ್ದು 7-4ರಲ್ಲಿ ಟ್ರೋಫಿ ಎತ್ತಿದರು. ಮರುವರ್ಷ ಹುಡುಗ ಮೈಕಲ್ ವಾನ್ ಗರ್ವನ್ ಅವರನ್ನು 7-3ರಿಂದ ಸೋಲಿಸಿ ಅತಿ ಕಿರಿಯ ವಿಶ್ವ ಚಾಂಪಿಯನ್ ಆದ ಅನ್ನಿ. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟುವುದು ಆ ಡಬಲ್ 2.

ಸೆಟ್ಟಿನ ಲೆಕ್ಕ ಬೇರೆ. ಮೂರು ಲೆಗ್ ಗೆದ್ದರೆ ಒಂದು ಸೆಟ್. ಮೊದಲ ಸುತ್ತಿನಲ್ಲಿ ಮೂರು ಸೆಟ್ ಗೆದ್ದವರು ಮುಂದಕ್ಕೆ, ಫೈನಲ್‌ನಲ್ಲಿ ಏಳು ಬೇಕು. ಇದರಲ್ಲೊಂದು ಅನ್ಯಾಯವಿದೆ. ಒಬ್ಬ ಮೂರು ಸೆಟ್ಟನ್ನು 3-2ರಿಂದ ಗೆದ್ದು, ಎರಡನ್ನು 0-3ರಿಂದ ಸೋತ ಅಂದುಕೊಳ್ಳಿ. ಅವನು ಗೆದ್ದದ್ದು 9 ಲೆಗ್, ಎದುರಾಳಿ ಗೆದ್ದದ್ದು 12. ಮನೆಗೆ ಹೋಗುವುದು 12 ಗೆದ್ದವನು! ಲೆಕ್ಕ ಬರೆಯುವವಳಿಗೆ ಇದು ಒಪ್ಪಿಗೆಯಾಗಲು ಎರಡು ವರ್ಷ ಬೇಕಾಯಿತು. ಡೈರಿಯಲ್ಲಿ ಯಾರ ಎಸೆತದಿಂದ ಲೆಗ್ ಶುರುವಾಯಿತು ಅಂತಲೂ ಒಂದು ಚುಕ್ಕೆ ಇಡಿ. ಮೊದಲು ಎಸೆಯುವವನಿಗೆ ಅನುಕೂಲ ಜಾಸ್ತಿ, ಟೆನಿಸ್‌ನಲ್ಲಿ ಸರ್ವ್ ಇದ್ದ ಹಾಗೆ.

ಪರದೆಯಲ್ಲಿ ಕಾಣುವ ಆವರೇಜ್ ಅಂದರೆ ಮೂರು ಡಾರ್ಟಿನ ಸರಾಸರಿ. 15 ಡಾರ್ಟಿನಲ್ಲಿ ಲೆಗ್ ಮುಗಿಸಿದರೆ 100.2. ಅದರ ಪಕ್ಕದಲ್ಲಿ ಡಬಲ್ ಎಷ್ಟಕ್ಕೆ ಎಷ್ಟು ಬಿತ್ತು ಅಂತ ಇರುತ್ತದಲ್ವಾ, ನಾನು ನೋಡುವುದು ಅದನ್ನೇ.

ಫೈನಲ್‌ನಿಂದ ಶುರು ಮಾಡಬೇಡಿ, ಉದ್ದ ಜಾಸ್ತಿ. ಮೊದಲ ಸುತ್ತು ಒಳ್ಳೆಯದು. 2026ರ ಟೂರ್ನಿಯಲ್ಲಿ 128 ಮಂದಿ ಇದ್ದರು, ಗೆದ್ದವರಿಗೆ ಹತ್ತು ಲಕ್ಷ ಪೌಂಡ್. ನಮ್ಮ ನಿತಿನ್ ಕುಮಾರ್ ಅವರೂ ಆ ವೇದಿಕೆಯಲ್ಲಿ ಆಡಿದ್ದಾರೆ. 2019ರ ಡಿಸೆಂಬರಿನಲ್ಲಿ ಫಾಲನ್ ಶೆರಾಕ್ ಅವರು ಟೆಡ್ ಎವೆಟ್ಸ್ ಅವರನ್ನು 3-2ರಿಂದ ಸೋಲಿಸಿ, ಈ ಟೂರ್ನಿಯಲ್ಲಿ ಪುರುಷನನ್ನು ಸೋಲಿಸಿದ ಮೊದಲ ಮಹಿಳೆಯಾದದ್ದೂ ಮೊದಲ ಸುತ್ತಿನಲ್ಲೇ.

ಇಷ್ಟಾದ ಮೇಲೆ 2023ರ ಫೈನಲ್ ಹುಡುಕಿ. ವಾನ್ ಗರ್ವನ್ ಮತ್ತು ಮೈಕಲ್ ಸ್ಮಿತ್. ಎರಡನೇ ಸೆಟ್ಟಿಗೆ ಹೋಗಿ. ಒಂದೇ ಲೆಗ್‌ನಲ್ಲಿ ಇಬ್ಬರೂ ಒಂಬತ್ತು ಡಾರ್ಟಿಗೆ, ಅಂದರೆ ಸಾಧ್ಯವಿರುವ ಅತಿ ಕಡಿಮೆ ಡಾರ್ಟಿಗೆ, ಮುಗಿಸುವ ದಾರಿಯಲ್ಲಿರುತ್ತಾರೆ. ವಾನ್ ಗರ್ವನ್ ಒಂಬತ್ತನೆಯದನ್ನು ತಪ್ಪಿಸುತ್ತಾರೆ. ಸ್ಮಿತ್ ಗೆರೆಗೆ ಬರುತ್ತಾರೆ, ಉಳಿದದ್ದು 141. ಅಲ್ಲಿ ವಿಡಿಯೊ ನಿಲ್ಲಿಸಿ. ಮೂರು ಡಾರ್ಟ್ ಎಲ್ಲೆಲ್ಲಿ ಬೀಳಬೇಕು ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಬರೆದಾಯ್ತಾ? ಟ್ರೆಬಲ್ 20, ಟ್ರೆಬಲ್ 19, ಡಬಲ್ 12. ಈಗ ಮುಂದಕ್ಕೆ ಓಡಿಸಿ.