ಬ್ಯಾಗಿನಲ್ಲೊಂದು ಗಿ, ಊರೂರಿನ ಟಾಟಾಮಿ

ಪ್ರವಾಸ ಹೋದಲ್ಲೆಲ್ಲ ಜೂಡೋ ಆಡುತ್ತೇನೆ ಅಂದಾಗ ಕ್ಲಬ್ಬಿನಲ್ಲಿ ನಕ್ಕವರೇ ಜಾಸ್ತಿ. ‘ಗುರುತು ಪರಿಚಯ ಇಲ್ಲದವನನ್ನ ಯಾರಯ್ಯಾ ಟಾಟಾಮಿ ಹತ್ತಿಸ್ತಾರೆ?’ ಅಂದರು. ಟಾಟಾಮಿ ಅಂದರೆ ಜೂಡೋ ಆಡುವ ಮ್ಯಾಟು. ಮೊದಲ ಎರಡು ಪ್ರವಾಸದಲ್ಲಿ ಅವರ ಮಾತೇ ನಿಜವಾಯಿತು. ಈಗ 6 ವರ್ಷ ಆಯಿತು, ಹತ್ತಿರ ಹತ್ತಿರ 20 ಕ್ಲಬ್ಬು.

ಮೊದಲ ಪೆಟ್ಟು ತಿಂದದ್ದು ಪ್ಯಾರಿಸ್‌ನಲ್ಲಿ, ಆಗಸ್ಟ್ ತಿಂಗಳು. ಅಲ್ಲಿ ಕ್ಲಬ್ಬುಗಳ ವರ್ಷ ಶುರುವಾಗುವುದೇ ಸೆಪ್ಟೆಂಬರ್‌ಗೆ. ಹೋದ ನಾಲ್ಕೂ ಕಡೆ ಬೀಗ. ಮುಂದಿನ ಸಲ ಅಕ್ಟೋಬರ್‌ನಲ್ಲಿ ಹೋದೆ. ಬಾಗಿಲು ತೆಗೆದಿತ್ತು, ಆದರೆ ಜೂಡೋ ಫೆಡರೇಶನ್ನಿನ ಲೈಸೆನ್ಸ್ ಇಲ್ಲ, ವಿಮೆ ಇಲ್ಲ, ರಾಂಡೋರಿ, ಅಂದರೆ ಅಭ್ಯಾಸದ ಸೆಣಸಾಟ, ಬೇಡ ಅಂದರು. ಗಿ, ಅಂದರೆ ಜೂಡೋ ಉಡುಪು, ತೊಟ್ಟುಕೊಂಡು ಒಂದೂವರೆ ಗಂಟೆ ಗೋಡೆಗೊರಗಿ ಸುಮ್ನೆ ನೋಡಿದೆ. ಗಿ ತುಂಬಿದ ಬ್ಯಾಗಿನ ಹೆಚ್ಚಿನ ತೂಕಕ್ಕೆ ವಿಮಾನದಲ್ಲಿ ಕಟ್ಟಿದ ಸುಮಾರು 50 ಯೂರೋ ನೀರಿಗೆ ಹೋಯಿತು. ಈಗ ಫೆಡರೇಶನ್ ಕಾರ್ಡು, ಡಾಕ್ಟರ್ ಸರ್ಟಿಫಿಕೇಟು, ‘ಜೂಡೋ’ ಅಂತಲೇ ಬರೆಸಿದ ವಿಮೆ, ಮೂರೂ ಪಾಸ್‌ಪೋರ್ಟಿನ ಜೊತೆಗೇ ಇರುತ್ತವೆ.

ಇಮೇಲ್ ಕಳಿಸುವುದನ್ನು ಬಿಟ್ಟೆ. ಹತ್ತಕ್ಕೆ ಬರೆದರೆ ಎರಡರಿಂದ ಉತ್ತರ ಬಂದರೆ ಹೆಚ್ಚು. ಮಕ್ಕಳ ಕ್ಲಾಸು ಮುಗಿಯುವ ಹೊತ್ತಿಗೆ ನೇರವಾಗಿ ಹೋಗುತ್ತೇನೆ. ಆಗ ಕೋಚ್ ಮಾತಿಗೆ ಸಿಗುತ್ತಾರೆ, ಜರುಗಿದ ಮ್ಯಾಟ್‌ಗಳನ್ನು ಕೂಡಿಸಲು ಯಾರಾದರೂ ಬೇಕಿರುತ್ತದೆ. ಹೇಳಿಸಿಕೊಳ್ಳದೆ ಕೈ ಹಾಕುತ್ತೇನೆ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಅದನ್ನೇ ಕೇಳಿದರೆ ನನ್ನ ಕೆಲಸ ಕೆಡುತ್ತದೆ.

ಮೊದಲ ರಾಂಡೋರಿಯಲ್ಲಿ ಬೀಳುವುದೇ ಲೇಸು. ಒಂದು ಕಡೆ ಮೊದಲ ನಿಮಿಷದಲ್ಲೇ ಉಚಿಮಾತಾ ಹಾಕಿ, ಅಂದರೆ ಎದುರಾಳಿಯ ತೊಡೆಯ ಒಳಗೆ ಕಾಲು ಹಾಕಿ ಎತ್ತಿ ಕೆಡವಿ, ಬೀಗಿದೆ. ಆಮೇಲೆ ನನ್ನ ಪಾಲಿಗೆ ಬಂದವರು 100 ಕಿಲೋ ದಾಟಿದ ಇಬ್ಬರು, ಒಬ್ಬರಾದ ಮೇಲೆ ಒಬ್ಬರು. ಪಕ್ಕೆಲುಬು ಮೂರು ವಾರ ನೋಯಿತು.

ಜೂಡೋದ ತವರಾದ ಟೋಕಿಯೋದ ಕೊಡೋಕನ್‌ನಲ್ಲಿ ಒಳಗೆ ಹೋಗಲು ಈ ಕಸರತ್ತು ಬೇಕಾಗಲಿಲ್ಲ, ಹೊರಗಿನವರಿಗೂ ಅಲ್ಲಿ ಅಭ್ಯಾಸಕ್ಕೆ ಅವಕಾಶ ಇದೆ. 1882ರಲ್ಲಿ ಜೂಡೋ ಹುಟ್ಟುಹಾಕಿದ ಕಾನೋ ಜಿಗೋರೋ ಗುಡಿಯೊಂದರಲ್ಲಿ 12 ಟಾಟಾಮಿಯಿಂದ ಶುರುಮಾಡಿದ್ದು, ಈಗ ದೊಡ್ಡ ಡೋಜೋದಲ್ಲೇ, ಅಂದರೆ ಅಭ್ಯಾಸದ ಹಾಲಿನಲ್ಲೇ, 420. ನಾನು ಒಯ್ದದ್ದು ನೀಲಿ ಗಿ. ಅಲ್ಲಿ ಬಿಳಿಯೇ ಆಗಬೇಕು. ಹೊಸದಕ್ಕೆ 15,000 ಯೆನ್ ಹತ್ತಿರ ಹೋಯಿತು, ಹೊಟ್ಟೆ ಉರಿಯಿತು. ಆದರೆ ಅಲ್ಲಿ 60 ದಾಟಿದ ಅಜ್ಜ ಒಬ್ಬರು ಎರಡು ಬೆರಳಲ್ಲಿ ತೋಳು ಹಿಡಿದು, ಮುಂದಿಟ್ಟ ಕಾಲನ್ನು ಗುಡಿಸಿ ಬೀಳಿಸುವ ದೆಆಶಿ ಬರಾಯ್ ಒಂದರಲ್ಲೇ ಆರು ಸಲ ಕೆಡವಿದರು. ಆರೂ ಸಲ ನನ್ನ ತಲೆ ನೆಲಕ್ಕೆ ತಾಗದಂತೆ ತೋಳನ್ನು ಮೇಲಕ್ಕೆ ಎಳೆದು ಹಿಡಿದರು.

ಇನ್ನು ಗಿ ಒಣಗಿಸುವ ಪುರಾಣ. ಹೋಟೆಲ್ ಡ್ರೈಯರ್‌ಗೆ ಹಾಕಿದೆ, ಗಿಯ ತೋಳು ಕುಗ್ಗಿ ನಾಲ್ಕು ಬೆರಳು ಮೇಲೇರಿತು. ಬೇಗ ಒಣಗಲಿ ಅಂತ ತೆಳು ನೇಯ್ಗೆಯ ಸಿಂಗಲ್ ವೀವ್ ಗಿ ತಂದೆ, ಎರಡನೇ ವಾರಕ್ಕೆ ಕಂಕುಳಲ್ಲಿ ಹರಿಯಿತು. ಕೊನೆಗೆ ಗೆದ್ದದ್ದು ಟವೆಲ್: ಒಣ ಟವೆಲ್ಲಿನಲ್ಲಿ ಗಿಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೇಲೆ ಹತ್ತಿ ಚೆನ್ನಾಗಿ ತುಳಿದು, ರಾತ್ರಿ ಫ್ಯಾನಿನ ಕೆಳಗೆ ನೇತುಹಾಕುವುದು. ಬೆಳಗ್ಗೆ ಕೊರಳಪಟ್ಟಿಯಷ್ಟೇ ಹಸಿ.

ಅಂದು ನಕ್ಕವರಲ್ಲಿ ಒಬ್ಬ ಈಗ ನನ್ನ ಕ್ಲಬ್ಬುಗಳ ಪಟ್ಟಿ ಕೇಳುತ್ತಿದ್ದಾನೆ. ಪ್ಯಾರಿಸ್‌ಗಂತೆ, ಆಗಸ್ಟ್‌ನಲ್ಲಿ. ನಾನಿನ್ನೂ ಬಾಯಿ ಬಿಟ್ಟಿಲ್ಲ.